ಫೈಲ್ ಇಲ್ಲೇ ಇದೆಯಲ್ಲ, ಮತ್ಯಾಕೆ ಸಿಗ್ತಿಲ್ಲ?

ನಾನು ಬಿಲ್ಡ್ (ಬರೆದ ಕೋಡನ್ನು ಓಡುವ ಪ್ರೋಗ್ರಾಂ ಮಾಡೋದು) ಮತ್ತು ರಿಲೀಸ್ ನೋಡಿಕೊಳ್ಳುವ ತಂಡದಲ್ಲಿದ್ದೇನೆ. ಕೋಡ್ ಬರೆಯುವವರು ಬೇರೆಯವರು. ಅದು ಬಿಲ್ಡ್ ಆಗದಿದ್ದರೆ, ಆಗಿಯೂ ಓಡದಿದ್ದರೆ ಮೆಸೇಜ್ ಬರೋದು ನಮಗೆ. ಅದರಲ್ಲಿ ಜಾಸ್ತಿ ಬರೋದು ಒಂದೇ ಥರದ ದೂರು: ಫೈಲ್ ಸಿಗ್ತಿಲ್ಲ. ಜೊತೆಗೊಂದು ಸ್ಕ್ರೀನ್‌ಶಾಟ್. ಫೋಲ್ಡರ್ ತೆರೆದು, ಫೈಲಿನ ಸುತ್ತ ಕೆಂಪು ಗೆರೆ ಎಳೆದು, "ಇಲ್ಲೇ ಇದೆಯಲ್ಲ!" ಅಂತ ಬರೆದಿರುತ್ತಾರೆ.

ಆ ಸ್ಕ್ರೀನ್‌ಶಾಟ್‌ನಿಂದ ನನಗೆ ಏನೂ ಉಪಯೋಗವಿಲ್ಲ. ಫೈಲ್ ನಿಮ್ಮ ಕಣ್ಣಿಗೆ ಕಾಣ್ತಿದೆ, ಒಪ್ಪಿದೆ. ಆದರೆ ಹುಡುಕಿದ್ದು ನೀವಲ್ಲ, ಯಾವುದೋ ಒಂದು ಪ್ರೋಗ್ರಾಂ. ಅದು ಯಾವುದು? ಎಲ್ಲಿ ನಿಂತು ಹುಡುಕಿತು? ಅಕ್ಷರಕ್ಕೆ ಅಕ್ಷರ ಯಾವ ಹೆಸರನ್ನು ಕೇಳಿತು? ಇಷ್ಟು ಗೊತ್ತಾದರೆ ಮುಕ್ಕಾಲು ಕೆಲಸ ಮುಗಿದಂತೆ. ಎಷ್ಟೋ ಸಲ ಎರರ್‌ನಲ್ಲಿ ಹೆಸರಿರುವ ಫೈಲ್ ಚೆನ್ನಾಗಿಯೇ ಇರುತ್ತದೆ, ಕಾಣೆಯಾಗಿರೋದು ಇನ್ನೊಂದು.

ಎಲ್ಲಿ ನಿಂತು ಅನ್ನೋದರಿಂದ ಶುರು ಮಾಡೋಣ, ಅದು ಸುಲಭ. ಕೋಡ್ ಬರೆಯುವ ವಿಷುವಲ್ ಸ್ಟುಡಿಯೋದಲ್ಲಿ ಎಫ್5 ಒತ್ತಿದರೆ, ಸೆಟ್ಟಿಂಗ್ ಏನೂ ಬದಲಿಸಿರದಿದ್ದರೆ, ಸಿ ಪ್ಲಸ್ ಪ್ಲಸ್ ಪ್ರೋಗ್ರಾಂ ಪ್ರಾಜೆಕ್ಟ್ ಫೋಲ್ಡರಿನಲ್ಲಿ ನಿಂತು ಓಡುತ್ತದೆ. ಅದೇ ಪ್ರೋಗ್ರಾಂ ಫೈಲನ್ನು, ಅಂದರೆ ಇಎಕ್ಸ್‌ಇಯನ್ನು, ಎಕ್ಸ್‌ಪ್ಲೋರರ್‌ನಲ್ಲಿ ಡಬಲ್ ಕ್ಲಿಕ್ ಮಾಡಿದರೆ ಅದು ಕೂತಿರುವ ಡೀಬಗ್ ಫೋಲ್ಡರಿನಲ್ಲಿ ಓಡುತ್ತದೆ. ಪ್ರಾಜೆಕ್ಟ್ ಫೋಲ್ಡರಿನಲ್ಲಿರುವ ಕಾನ್ಫಿಗ್ (ಸೆಟ್ಟಿಂಗ್) ಫೈಲನ್ನು ಬರೀ ಹೆಸರಿನಿಂದ ತೆರೆದಿದ್ದರೆ ಮೊದಲನೆಯದರಲ್ಲಿ ಸಿಗುತ್ತೆ, ಎರಡನೆಯದರಲ್ಲಿ ಸಿಗಲ್ಲ. ಲಿನಕ್ಸ್‌ನಲ್ಲೂ ಇದೇ ಕಥೆ. ಟರ್ಮಿನಲ್‌ನಲ್ಲಿ ಓಡಿದ್ದು ಸಿಸ್ಟಮ್‌ಡಿ ಸರ್ವಿಸ್ (ಹಿನ್ನೆಲೆಯಲ್ಲಿ ತಾನಾಗಿ ಓಡೋದು) ಆದ ಕೂಡಲೇ ಬಿದ್ದುಹೋಗುತ್ತದೆ, ಯಾಕೆಂದರೆ ಅಲ್ಲಿ ನಿಲ್ಲುವ ಜಾಗ ರೂಟ್ ಡೈರೆಕ್ಟರಿ. ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್‌ನಲ್ಲಿ ಹಾಕಿದರೆ ಯೂಸರ್‌ನ ಹೋಮ್ ಫೋಲ್ಡರ್. "ನನ್ನ ಮಷೀನ್‌ನಲ್ಲಿ ಓಡುತ್ತೆ" ಅನ್ನೋ ಮಾತು ಎಷ್ಟೋ ಸಲ ನಿಜವೇ. ಕಾನ್ಫಿಗ್ ದಾರಿಯನ್ನು ಇಎಕ್ಸ್‌ಇ ಇರುವ ಜಾಗದಿಂದ ಲೆಕ್ಕ ಹಾಕಿ, ಇಲ್ಲವೇ ಪೂರ್ತಿ ದಾರಿಯನ್ನು ಹೊರಗಿನಿಂದ ಕೊಡಿ, ಆಯ್ತು.

ಇದಕ್ಕಿಂತ ತಲೆ ಕೆಡಿಸೋದು ಎದುರಿಗೇ ಇರುವ ಪ್ರೋಗ್ರಾಂ ಇಲ್ಲ ಅಂತ ಬರುವ ಎರರ್. ನಮ್ಮಲ್ಲೊಬ್ಬರು ಡಾಕರ್ ಇಮೇಜ್ (ಪ್ರೋಗ್ರಾಂ ಜೊತೆ ಅದಕ್ಕೆ ಬೇಕಾದ್ದನ್ನೆಲ್ಲ ಕಟ್ಟಿದ ಪೊಟ್ಟಣ) ಚಿಕ್ಕದು ಮಾಡೋಣ ಅಂತ ಅದರ ಬೇಸ್ ಆದ ಲಿನಕ್ಸ್ ಅನ್ನು ಡೆಬಿಯನ್‌ನಿಂದ ಆಲ್ಪೈನ್‌ಗೆ ಬದಲಿಸಿದರು. ಬಿಲ್ಡ್ ಮಾತ್ರ ಡೆಬಿಯನ್‌ನಲ್ಲೇ ಆಗಿ, ಸಿದ್ಧವಾದ ಬೈನರಿ (ಓಡುವ ಪ್ರೋಗ್ರಾಂ ಫೈಲ್) ಆಲ್ಪೈನ್‌ಗೆ ಕಾಪಿ ಆಗುತ್ತಿತ್ತು. ಬಿಲ್ಡ್ ಹಸಿರು, ಅಂದರೆ ಪಾಸ್. ಆ ಇಮೇಜ್‌ನಿಂದ ಕಂಟೇನರ್ ಏಳಿಸಿದರೆ "ನೋ ಸಚ್ ಫೈಲ್ ಆರ್ ಡೈರೆಕ್ಟರಿ". ಒಳಗೆ ಹೋಗಿ ಫೈಲ್ ಪಟ್ಟಿ ತೋರಿಸುವ ಎಲ್‌ಎಸ್ ಕೊಟ್ಟರೆ ಬೈನರಿ ಇದೆ, ಸೈಜ್ ಸರಿ ಇದೆ, ಎಕ್ಸಿಕ್ಯೂಟ್ ಪರ್ಮಿಷನ್ ಕೂಡ ಇದೆ. ಚಾಟ್‌ನಲ್ಲಿ ಸಲಹೆಗಳು ಸುರಿದವು: ಸಿಎಚ್‌ಮೋಡ್‌ನಿಂದ ಪರ್ಮಿಷನ್ ಕೊಡಿ, ಕ್ಯಾಶ್ ಇಲ್ಲದೆ ಬಿಲ್ಡ್ ಮಾಡಿ, ಡಾಕರ್ ರೀಸ್ಟಾರ್ಟ್ ಮಾಡಿ. ಪರ್ಮಿಷನ್ ತೊಂದರೆ ಆಗಿದ್ದರೆ ಎರರ್ ನಂಬರ್ 13 ಬರಬೇಕಿತ್ತು, ಬಂದಿದ್ದು 2. ಈ ಎರಡೂ ಬೇರೆ ಬೇರೆ ದಾರಿ ತೋರಿಸುತ್ತವೆ.

ಇಲ್ಲಿ ನಡೆಯೋದು ಹೀಗೆ. ಡೈನಮಿಕ್ ಆಗಿ ಲಿಂಕ್ ಆದ, ಅಂದರೆ ಲೈಬ್ರರಿಗಳನ್ನು ಓಡುವಾಗ ಜೋಡಿಸಿಕೊಳ್ಳುವ ಬೈನರಿಯನ್ನು ಲಿನಕ್ಸ್‌ನ ತಿರುಳಾದ ಕರ್ನೆಲ್ ತಾನೊಂದೇ ಓಡಿಸಲ್ಲ. ಬೈನರಿಯೊಳಗೆ ಒಂದು ದಾರಿ ಬರೆದಿರುತ್ತದೆ, ಅದು ಲೋಡರ್‌ನದು. ಕರ್ನೆಲ್ ಮೊದಲು ಆ ಲೋಡರನ್ನು ತೆರೆಯುತ್ತದೆ, ಬೇಕಾದ ಲೈಬ್ರರಿಗಳನ್ನೆಲ್ಲ ತಂದು ಜೋಡಿಸೋದು ಲೋಡರ್‌ನ ಕೆಲಸ. ಡೆಬಿಯನ್‌ನಲ್ಲಿ ಜಿಲಿಬ್‌ಸಿ ಅನ್ನುವ ಸಿ ಲೈಬ್ರರಿಯ ಲೋಡರ್ ಇರುತ್ತದೆ. ಆಲ್ಪೈನ್‌ನಲ್ಲಿರೋದು ಮಸಲ್ ಅನ್ನುವ ಇನ್ನೊಂದು ಸಿ ಲೈಬ್ರರಿ, ಅದರ ಲೋಡರ್ ಹೆಸರೂ ಬೇರೆ, ಜಾಗವೂ ಬೇರೆ. ಲೋಡರ್ ಸಿಗದೇ ಹೋದಾಗಲೂ ಕರ್ನೆಲ್ ವಾಪಸ್ ಕೊಡೋದು ಅದೇ ನಂಬರ್ 2. ಕಮಾಂಡ್ ತೆಗೆದುಕೊಳ್ಳುವ ಶೆಲ್ ಅದರ ಪಕ್ಕಕ್ಕೆ ನೀವು ಟೈಪ್ ಮಾಡಿದ ಹೆಸರನ್ನು ಅಂಟಿಸಿ ತೋರಿಸುತ್ತದೆ. ಮದುಮಗ ಮಂಟಪದಲ್ಲೇ ಕೂತಿದ್ದಾನೆ, ಬಾರದಿರೋದು ಪುರೋಹಿತರು, ಆದರೆ ಬಾಗಿಲಲ್ಲಿ ನಿಂತವನು "ಮದುಮಗ ಇಲ್ಲ" ಅಂತ ಹೇಳಿ ಕಳಿಸಿದ ಹಾಗೆ.

ಬೈನರಿಯ ಒಳಗಿನದನ್ನು ತೋರಿಸುವ ರೀಡ್‌ಎಲ್ಫ್‌ಗೆ ಎಲ್ ಆಪ್ಷನ್ ಕೊಟ್ಟು ಬೈನರಿ ತೋರಿಸಿದರೆ ಯಾವ ಲೋಡರ್ ಬೇಕು ಅಂತ ಒಂದು ಸಾಲಿನಲ್ಲಿ ಹೇಳಿಬಿಡುತ್ತದೆ. ಆ ದಾರಿ ಕಂಟೇನರ್‌ನಲ್ಲಿ ಇದೆಯಾ ನೋಡಿ, ಅಷ್ಟೇ. ಆಲ್ಪೈನ್‌ನಲ್ಲೇ ಬಿಲ್ಡ್ ಮಾಡಬಹುದು, ಲೈಬ್ರರಿಗಳನ್ನು ಬೈನರಿಯೊಳಗೇ ಸೇರಿಸಿ ಸ್ಟ್ಯಾಟಿಕ್ ಲಿಂಕ್ ಮಾಡಬಹುದು. ನಾವು ಡೆಬಿಯನ್‌ನ ಸ್ಲಿಮ್ ಇಮೇಜ್‌ಗೆ ಹೋದೆವು. ಇಮೇಜ್ ಸ್ವಲ್ಪ ದಪ್ಪ ಆದರೂ ರಾತ್ರಿ ನಿದ್ದೆ ಬರುವುದು ಮುಖ್ಯ ಅನ್ನೋದು ನನ್ನ ಅಭಿಪ್ರಾಯ.

ಶೆಲ್ ಸ್ಕ್ರಿಪ್ಟ್‌ನಲ್ಲೂ ಇದರ ತಮ್ಮನೊಬ್ಬ ಇದ್ದಾನೆ. ವಿಂಡೋಸ್ ಮಷೀನ್‌ನಲ್ಲಿ ಗಿಟ್‌ನಿಂದ ಚೆಕ್‌ಔಟ್ ಆದ ಸ್ಕ್ರಿಪ್ಟ್‌ನಲ್ಲಿ ಸಾಲಿನ ಕೊನೆಗೆ ಎಷ್ಟೋ ಸಲ ಕ್ಯಾರೇಜ್ ರಿಟರ್ನ್ ಅನ್ನುವ ಕಾಣದ ಅಕ್ಷರವೊಂದು ಸೇರಿಕೊಂಡಿರುತ್ತದೆ. ಮೊದಲ ಸಾಲಿನಲ್ಲಿ, ಸ್ಕ್ರಿಪ್ಟ್ ಓಡಿಸುವ ಬ್ಯಾಷ್‌ನ ದಾರಿ ಇದೆಯಲ್ಲ, ಅದರ ಬಾಲಕ್ಕೂ ಅದು ಅಂಟುತ್ತದೆ. ಆಗ ಲಿನಕ್ಸ್ ಹುಡುಕೋದು ಬ್ಯಾಷ್ ಅನ್ನಲ್ಲ, ಬಾಲ ಇರುವ ಬ್ಯಾಷ್ ಅನ್ನು. ಫೈಲನ್ನು ತೆರೆದು ತೋರಿಸುವ ಕ್ಯಾಟ್‌ಗೆ ದೊಡ್ಡ ಎ ಆಪ್ಷನ್ ಕೊಟ್ಟರೆ ಬಾಲ ಕಾಣುತ್ತದೆ. ಗಿಟ್‌ಆಟ್ರಿಬ್ಯೂಟ್ಸ್ ಫೈಲ್‌ನಲ್ಲಿ ಶೆಲ್ ಸ್ಕ್ರಿಪ್ಟ್‌ಗಳಿಗೆಲ್ಲ ಎಲ್‌ಎಫ್ (ಆ ಬಾಲವಿಲ್ಲದ ಸಾಲಿನ ಕೊನೆ) ಅಂತ ಒಮ್ಮೆ ಬರೆದುಬಿಟ್ಟರೆ ಈ ಕಾಟ ತಪ್ಪುತ್ತದೆ.

ಊಹೆಯಲ್ಲೇ ಓಡಾಡೋದು ಬೇಡ ಅಂದರೆ ಪ್ರೋಗ್ರಾಂ ಏನು ಕೇಳುತ್ತಿದೆ ಅಂತ ಕದ್ದು ಕೇಳಿ. ಲಿನಕ್ಸ್‌ನಲ್ಲಿ ಪ್ರೋಗ್ರಾಂ ಕರ್ನೆಲ್‌ಗೆ ಮಾಡುವ ಕರೆಗಳನ್ನು ತೋರಿಸುವ ಎಸ್‌ಟ್ರೇಸ್ ಇದೆ, ಫೈಲಿಗೆ ಸಂಬಂಧಿಸಿದ ಕರೆಗಳನ್ನು ಮಾತ್ರ ತೋರಿಸು ಅನ್ನಬಹುದು. ಮೊದಲ ಸಲ ನೋಡಿದವರು ಗಾಬರಿಯಾಗುತ್ತಾರೆ, ಯಾಕೆಂದರೆ ಎಲ್ಲ ಕಡೆ "ಇಲ್ಲ, ಇಲ್ಲ" ಅಂತಲೇ ಬರುತ್ತಿರುತ್ತದೆ. ಅದು ಸಹಜ. ಒಂದು ಲೈಬ್ರರಿಗಾಗಿ ಹಲವು ಫೋಲ್ಡರ್ ತಡಕಾಡಿ ಕೊನೆಗೊಂದರಲ್ಲಿ ಸಿಗುತ್ತದೆ. ಆದ್ದರಿಂದ ಕೆಳಗಿನಿಂದ ಮೇಲಕ್ಕೆ ಓದಿ. ಪ್ರೋಗ್ರಾಂ ಸಾಯುವ ಮುಂಚೆ ಕೊನೆಗೆ ಕೇಳಿದ್ದೇನು ಅನ್ನೋದು ಮುಖ್ಯ. ವಿಂಡೋಸ್‌ನಲ್ಲಿ ಇದೇ ಕೆಲಸಕ್ಕೆ ಸಿಸ್‌ಇಂಟರ್ನಲ್ಸ್‌ನ ಪ್ರೊಸೆಸ್ ಮಾನಿಟರ್. ಅದರ ರಿಸಲ್ಟ್ ಕಾಲಂನಲ್ಲಿ ಎರಡು ಬೇರೆ ಉತ್ತರ ಬರುತ್ತವೆ: "ನೇಮ್ ನಾಟ್ ಫೌಂಡ್" ಅಂದರೆ ಫೋಲ್ಡರ್ ಇದೆ, ಅದರೊಳಗೆ ಆ ಹೆಸರಿಲ್ಲ. "ಪಾತ್ ನಾಟ್ ಫೌಂಡ್" ಅಂದರೆ ದಾರಿಯಲ್ಲೇ ಒಂದು ಫೋಲ್ಡರ್ ಇಲ್ಲ. ಎರಡನೆಯದು ಕಂಡರೆ ಫೈಲನ್ನು ಹುಡುಕೋಕೆ ಹೋಗಬೇಡಿ, ದಾರಿ ಎಲ್ಲಿ ತಪ್ಪಿದೆ ನೋಡಿ.

ವಿಂಡೋಸ್ ಅಂದಾಗ ಡಿಎಲ್‌ಎಲ್, ಅಂದರೆ ಅಲ್ಲಿನ ಲೈಬ್ರರಿ ಫೈಲುಗಳ ಬಗ್ಗೆ ಒಂದು ಮಾತು. ಟೆಸ್ಟಿಂಗ್ ತಂಡದಿಂದ "ವಿಸಿರನ್‌ಟೈಮ್140ಡಿ ಇಲ್ಲ" ಅಂತ ದೂರು ಬಂದರೆ ಕೊನೆಯ ಆ ಡಿ ಅಕ್ಷರ ನೋಡಿ. ಯಾರೋ ಅವರಿಗೆ ಡೀಬಗ್ ಬಿಲ್ಡ್ (ಡೆವಲಪರ್ ತಪ್ಪು ಹುಡುಕೋಕೆ ಮಾಡಿಕೊಳ್ಳುವುದು) ಕೊಟ್ಟಿದ್ದಾರೆ. ಡೀಬಗ್ ರನ್‌ಟೈಮ್ ವಿಷುವಲ್ ಸ್ಟುಡಿಯೋ ಜೊತೆ ಬರುತ್ತದೆ, ಅದನ್ನು ಹಂಚೋ ಹಾಗಿಲ್ಲ. ರಿಲೀಸ್ ಬಿಲ್ಡ್ ಕೊಟ್ಟು, ಹಂಚಬಹುದಾದ ರನ್‌ಟೈಮ್ ಆದ ರೀಡಿಸ್ಟ್ರಿಬ್ಯೂಟಬಲ್ ಹಾಕಿಸಿದರೆ ಮುಗೀತು. ದಯವಿಟ್ಟು ಯಾವುದೋ ಸೈಟಿನಿಂದ ಬಿಡಿ ಡಿಎಲ್‌ಎಲ್ ಡೌನ್‌ಲೋಡ್ ಮಾಡಿ ಸಿಸ್ಟಮ್ ಫೋಲ್ಡರಿಗೆ ತುರುಕಬೇಡಿ. ಇನ್ನು ಎರರ್ 126, "ಸ್ಪೆಸಿಫೈಡ್ ಮಾಡ್ಯೂಲ್ ಸಿಗಲಿಲ್ಲ". ನೀವು ಹೆಸರಿಸಿದ ಡಿಎಲ್‌ಎಲ್ ಅಲ್ಲೇ ಇದ್ದರೆ, ಅದು ನೆಚ್ಚಿಕೊಂಡಿರುವ ಇನ್ನೊಂದು ಡಿಎಲ್‌ಎಲ್ ಇಲ್ಲ ಅಂತ ಅರ್ಥ. ವಿಷುವಲ್ ಸ್ಟುಡಿಯೋ ಜೊತೆ ಬರುವ ಡಂಪ್‌ಬಿನ್‌ನ ಡಿಪೆಂಡೆಂಟ್ಸ್ ಆಪ್ಷನ್ ಆ ಪಟ್ಟಿ ಕೊಡುತ್ತದೆ.

ಬಿಲ್ಡ್ ನಡೆಸುವ ಮೇಕ್ ಟೂಲ್‌ನದು ಇನ್ನೊಂದು ಥರ. ಯಾರೋ ಹಳೆ ಹೆಡರ್ (ಬೇರೆ ಸೋರ್ಸ್ ಫೈಲುಗಳು ಸೇರಿಸಿಕೊಳ್ಳುವ ಫೈಲ್) ಒಂದನ್ನು ಅಳಿಸುತ್ತಾರೆ, ಅದನ್ನು ಸೇರಿಸಿದ ಸಾಲುಗಳನ್ನೂ ನೀಟಾಗಿ ತೆಗೆಯುತ್ತಾರೆ. ಆದರೂ "ಈ ಹೆಡರ್ ಮಾಡೋಕೆ ರೂಲ್ ಇಲ್ಲ" ಅಂತ ಬಿಲ್ಡ್ ನಿಲ್ಲುತ್ತದೆ. ಸೋರ್ಸ್ ಪೂರ್ತಿ ಗ್ರೆಪ್‌ನಿಂದ ಹುಡುಕಿದರೂ ಆ ಹೆಸರು ಎಲ್ಲೂ ಇರಲ್ಲ! ಇರೋದು ಬಿಲ್ಡ್ ಫೋಲ್ಡರಿನಲ್ಲಿ, ಹಿಂದಿನ ಸಲ ಕಂಪೈಲರ್ ಬರೆದಿಟ್ಟ ಡಿಪೆಂಡೆನ್ಸಿ (ಯಾವುದಕ್ಕೆ ಯಾವುದು ಬೇಕು ಅನ್ನೋ) ಫೈಲುಗಳಲ್ಲಿ. ಬಿಲ್ಡ್ ಕ್ಲೀನ್ ಮಾಡಿದರೆ ಹೋಗುತ್ತದೆ. ಜಿಸಿಸಿ ಕಂಪೈಲರ್‌ಗೆ ಎಂಪಿ ಆಪ್ಷನ್ ಸೇರಿಸಿದರೆ ಮತ್ತೆ ಬರಲ್ಲ, ಅದು ಪ್ರತಿ ಹೆಡರ್‌ಗೂ ಒಂದು ಖಾಲಿ ರೂಲ್ ಬರೆದಿಡುತ್ತದೆ. "ಮತ್ತೊಮ್ಮೆ ರನ್ ಮಾಡಿದರೆ ಸರಿಹೋಗುತ್ತೆ ಸಾರ್" ಅನ್ನೋ ಹೆಡರ್ ಎರರ್ ಮಾತ್ರ ಬೇರೆ. ಬಿಲ್ಡ್ ನಡೆಯುವಾಗಲೇ ತಯಾರಾಗುವ ಹೆಡರ್ ಅದು. ಹಲವು ಕೆಲಸ ಒಟ್ಟಿಗೆ ನಡೆಯುವ ಪ್ಯಾರಲಲ್ ಬಿಲ್ಡ್‌ನಲ್ಲಿ ಅದು ಹುಟ್ಟುವ ಮೊದಲೇ ಯಾರೋ ಕೇಳಿದ್ದಾರೆ. ಸರಿಹೋಯಿತು ಅಂತ ಬಿಟ್ಟರೆ ರಿಲೀಸ್ ದಿನ ಮತ್ತೆ ಬರುತ್ತದೆ. ಡಿಪೆಂಡೆನ್ಸಿ ಬರೆಯಿರಿ.

ಪ್ರೋಗ್ರಾಂನ ತಪ್ಪು ಹುಡುಕೋಕೆ ಬಳಸುವ ಡೀಬಗರ್ ಕೂಡ ಫೈಲ್ ಇಲ್ಲ ಅನ್ನುತ್ತದೆ, ಆದರೆ ಅದನ್ನು ಬೇರೆ ಕಿವಿಯಿಂದ ಕೇಳಬೇಕು. ಪ್ರೋಗ್ರಾಂ ಅಬಾರ್ಟ್ ಆದಾಗ ಜಿಡಿಬಿ ಡೀಬಗರ್ "ರೈಸ್ ಡಾಟ್ ಸಿ: ನೋ ಸಚ್ ಫೈಲ್" ಅಂತಲೋ, ಅಂಥದ್ದೇ ಇನ್ನೊಂದು ಫೈಲ್ ಇಲ್ಲ ಅಂತಲೋ ಅನ್ನುತ್ತದೆ. ಹೊಸಬರು ಆ ಫೈಲನ್ನು ಹುಡುಕಿಕೊಂಡು ಹೊರಡುತ್ತಾರೆ. ಅದು ಜಿಲಿಬ್‌ಸಿಯ ಸೋರ್ಸ್, ನಿಮ್ಮ ಮಷೀನ್‌ನಲ್ಲಿ ಇಲ್ಲದಿರೋದು ತಪ್ಪೇನಲ್ಲ. ಬ್ಯಾಕ್‌ಟ್ರೇಸ್ (ಯಾವ ಫಂಕ್ಷನ್ ಯಾವುದನ್ನು ಕರೆಯಿತು ಅನ್ನೋ ಪಟ್ಟಿ) ತೆಗೆದು ಮೇಲಕ್ಕೆ ಹತ್ತಿ, ನಿಮ್ಮ ಕೋಡ್ ಸಿಗುವ ತನಕ. ನಿಮ್ಮದೇ ಸೋರ್ಸ್ ಇಲ್ಲ ಅಂದರೆ ಮಾತ್ರ ಯೋಚಿಸಿ. ಬಿಲ್ಡ್ ಸರ್ವರ್‌ನಲ್ಲಿ ಕಂಪೈಲ್ ಆದ ಬೈನರಿಯಲ್ಲಿ ಆ ಸರ್ವರ್‌ನ ಫೋಲ್ಡರ್ ದಾರಿ ಕೂತಿರುತ್ತದೆ. ಜಿಡಿಬಿಯ ಸಬ್‌ಸ್ಟಿಟ್ಯೂಟ್ ಪಾತ್‌ನಿಂದ ಆ ದಾರಿಯನ್ನು ನಿಮ್ಮ ಫೋಲ್ಡರಿಗೆ ತಿರುಗಿಸಬಹುದು. ವಿಂಡೋಸ್‌ನಲ್ಲಿ ಡೀಬಗ್ ಮಾಹಿತಿ ಇರುವ ಪಿಡಿಬಿ ಫೈಲ್ ಇನ್ನೂ ಬಿಗಿ. ಇಎಕ್ಸ್‌ಇಯಲ್ಲೂ ಅದರ ಜೊತೆ ಹುಟ್ಟಿದ ಪಿಡಿಬಿಯಲ್ಲೂ ಒಂದೇ ಗುರುತಿನ ಸಂಖ್ಯೆ ಇರುತ್ತದೆ. ಅದೇ ಕೋಡನ್ನು ಇನ್ನೊಮ್ಮೆ ಬಿಲ್ಡ್ ಮಾಡಿ ಬಂದ ಪಿಡಿಬಿಯನ್ನು ಸಾಮಾನ್ಯವಾಗಿ ಡೀಬಗರ್ ಒಪ್ಪಲ್ಲ. ಅದಕ್ಕೇ ಪ್ರತಿ ರಿಲೀಸ್‌ನ ಪಿಡಿಬಿಯನ್ನು ಎತ್ತಿಡಿ ಅಂತ ನಾನು ಜಗಳ ಆಡೋದು.

ದೊಡ್ಡಕ್ಷರ ಚಿಕ್ಕಕ್ಷರದ ಗೊಂದಲ ಎಲ್ಲರಿಗೂ ಗೊತ್ತಿರೋದೇ. ವಿಂಡೋಸ್ ಮತ್ತು ಮ್ಯಾಕ್ ಸಾಮಾನ್ಯವಾಗಿ ಭೇದ ಮಾಡಲ್ಲ, ಲಿನಕ್ಸ್ ಮಾಡುತ್ತದೆ. ಆದರೆ ಕನ್ನಡದಲ್ಲಿ ದೊಡ್ಡಕ್ಷರವೇ ಇಲ್ಲ ಅಲ್ವಾ, ಹಾಗಾಗಿ ಕನ್ನಡ ಫೈಲ್ ಹೆಸರಿಗೆ ಈ ತೊಂದರೆ ಇಲ್ಲ ಅಂದುಕೊಂಡರೆ ಅಲ್ಲೊಂದು ಬೇರೆಯದೇ ಇದೆ.

ಒಂದು ಕನ್ನಡ ಆಡಿಯೊ ಆ್ಯಪ್‌ನ ಬಿಲ್ಡ್ ನಮ್ಮ ಕೈಯಲ್ಲಿತ್ತು. ಜಿಲ್ಲೆಗೊಂದು ಫೋಲ್ಡರ್, ಹೆಸರು ಕನ್ನಡದಲ್ಲೇ. ಡೆವಲಪರ್‌ನ ಮ್ಯಾಕ್‌ನಲ್ಲಿ ಕೋಲಾರ ತೆರೆಯುತ್ತಿತ್ತು, ಲಿನಕ್ಸ್ ಬಿಲ್ಡ್ ಸರ್ವರ್‌ನಲ್ಲಿ ಇಲ್ಲ ಅನ್ನುತ್ತಿತ್ತು. ಎಲ್ಲ ಜಿಲ್ಲೆಗೂ ಹೀಗಾಗಿದ್ದರೆ ದಾರಿ ತಪ್ಪಿದೆ ಅನ್ನಬಹುದಿತ್ತು. ಹಾಸನ ಸಿಗುತ್ತಿತ್ತು. ಮಂಡ್ಯ, ತುಮಕೂರು, ಗದಗ, ಬೆಳಗಾವಿ, ಉಡುಪಿ ಸಿಗುತ್ತಿದ್ದವು. ಸಿಗದವು ಕೋಲಾರ, ಕೊಪ್ಪಳ, ಕೊಡಗು, ಹಾವೇರಿ, ಮೈಸೂರು, ಶಿವಮೊಗ್ಗ, ಬೀದರ್. ಎರಡು ಪಟ್ಟಿ ಅಕ್ಕಪಕ್ಕ ಇಟ್ಟು ನೋಡಿ. ಎರಡನೆಯದರ ಪ್ರತಿ ಹೆಸರಿನಲ್ಲೂ ೀ, ೇ, ೈ, ೊ, ೋ ಇವುಗಳಲ್ಲಿ ಒಂದಿದೆ. ಮೊದಲನೆಯದರಲ್ಲಿ ಒಂದೂ ಇಲ್ಲ.

ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಈ ಐದು ಚಿಹ್ನೆಗಳನ್ನು ಇಡಿಯಾಗಿಯೂ ಬರೆಯಬಹುದು, ಬಿಡಿಸಿಯೂ ಬರೆಯಬಹುದು. ೋ ಒಂದೇ ಸಂಕೇತ ಆಗಬಹುದು, ಇಲ್ಲವೇ ೆ, ೂ ಮತ್ತು ದೀರ್ಘದ ಗುರುತು ಸೇರಿ ಮೂರು ಆಗಬಹುದು. ಪರದೆಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಆ ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್. ಇಡಿಯಾಗಿ ಬರೆದ ಕೋಲಾರ 15 ಬೈಟ್, ಬಿಡಿಸಿದ್ದು 21. ಕಂಟೆಂಟ್ ತಂಡದ ಹಳೆ ಮ್ಯಾಕ್‌ನ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ಹೆಸರುಗಳನ್ನು ಬಿಡಿಸಿ ಇಟ್ಟುಕೊಳ್ಳುವ ಜಾತಿಯದು, ಜಿಪ್ ಮಾಡಿದಾಗಲೂ ಹಾಗೇ ಬಂದಿತ್ತು. ಕೋಡ್ ಓದುವ ಜಿಲ್ಲೆಗಳ ಶೀಟ್‌ನಲ್ಲಿದ್ದ ಹೆಸರು ಕೀಬೋರ್ಡ್‌ನಿಂದ ಬಂದ ಇಡಿ ರೂಪ. ಹೊಸ ಮ್ಯಾಕ್‌ನ ಎಪಿಎಫ್‌ಎಸ್ ಡಿಸ್ಕ್ ಎರಡನ್ನೂ ಒಂದೇ ಅಂತ ನೋಡುತ್ತದೆ. ಲಿನಕ್ಸ್‌ಗೆ ಬೈಟ್ ಬೇರೆ ಆದರೆ ಹೆಸರೇ ಬೇರೆ.

"ಫೈಲಿಗೆ ಕನ್ನಡ ಹೆಸರು ಯಾಕ್ರೀ ಇಡ್ತೀರಾ" ಅಂತ ಮೀಟಿಂಗ್‌ನಲ್ಲಿ ಒಂದು ದನಿ ಎದ್ದಿತು. ನನಗೆ ಅದು ಸರಿ ಅನ್ನಿಸಲಿಲ್ಲ. ಫ್ರೆಂಚ್, ವಿಯೆಟ್ನಾಮೀಸ್ ಹೆಸರುಗಳಿಗೂ ಇದೇ ಆಗುತ್ತದೆ, ಅದಕ್ಕೆ ಮದ್ದೂ ಇದೆ. ಹೊರಗಿನಿಂದ ಬರುವ ಪ್ರತಿ ಹೆಸರನ್ನೂ ಒಳಗೆ ತೆಗೆದುಕೊಳ್ಳುವಾಗಲೇ ಎನ್‌ಎಫ್‌ಸಿ ಅನ್ನುವ ಇಡಿ ರೂಪಕ್ಕೆ ತಿರುಗಿಸಿದರೆ ಸಾಕು. ಪೈಥಾನ್‌ನಲ್ಲಿ ಒಂದು ಸಾಲಿನ ಕೆಲಸ. ಇರುವ ಫೋಲ್ಡರುಗಳಿಗೆ ಹೆಸರಿನ ರೂಪ ಬದಲಿಸುವ ಕಾನ್ವ್‌ಎಂವಿ ಓಡಿಸಿದೆವು.

ಬೀದರ್ ಬಿಟ್ಟು ಉಳಿದವೆಲ್ಲ ತೆರೆದವು. ಬೀದರ್‌ನ ಫೋಲ್ಡರ್ ಹೆಸರು ಈಗ 15 ಬೈಟ್, ಜಿಲ್ಲೆಗಳ ಶೀಟ್‌ನಲ್ಲಿದ್ದ ಹೆಸರು 18. ಬೈಟ್‌ಗಳನ್ನು ಹೆಕ್ಸ್‌ನಲ್ಲಿ ತೆಗೆದು ನೋಡಿದರೆ ಕೊನೆಯ ಅರ್ಧ ಅಕ್ಷರ ಆದ ಮೇಲೆ ಒಂದು ಜೀರೋ ವಿಡ್ತ್ ನಾನ್ ಜಾಯಿನರ್ ಕೂತಿತ್ತು. ಅದು ಕಣ್ಣಿಗೆ ಕಾಣಲ್ಲ, ಎನ್‌ಎಫ್‌ಸಿ ಅದನ್ನು ತೆಗೆಯುವುದೂ ಇಲ್ಲ. ಹಾಗಂತ ಎಲ್ಲ ಕಡೆಯಿಂದ ಕಿತ್ತು ಹಾಕೋಕೂ ಬರಲ್ಲ, ಸಾಫ್ಟ್‌ವೇರ್ ಅಂತ ಬರೆಯುವಾಗ ಟ್ ಮತ್ತು ವೇ ಒತ್ತಕ್ಷರ ಆಗದಂತೆ ತಡೆಯೋದು ಅದೇ. ಹೆಸರಿನ ತುದಿಯಲ್ಲಿದ್ದರೆ ಮಾತ್ರ ತೆಗಿ ಅಂತ ಸ್ಕ್ರಿಪ್ಟ್‌ಗೆ ಇನ್ನೊಂದು ಸಾಲು ಸೇರಿಸಿದೆವು. ಬಿಲ್ಡ್ ಹಸಿರಾಯಿತು.