ಊರಿಗೆಲ್ಲ ಗೊತ್ತಿದ್ದ ಅಪರಿಚಿತರು

19ನೇ ಶತಮಾನದಲ್ಲಿ ಅಮೆರಿಕದ ಸೌತ್ ಕ್ಯಾರೊಲಿನಾದ ಹಳ್ಳಿಗಾಡಿನಲ್ಲಿ ಯಾರಾದರೂ ಅನುಮಾನ ಬರುವ ಹಾಗೆ ಸತ್ತರೆ ಕೊರೋನರ್, ಅಂದರೆ ಸಾವು ಹೇಗಾಯ್ತು ಅಂತ ತನಿಖೆ ಮಾಡುವ ಅಧಿಕಾರಿ, ಬರುತ್ತಿದ್ದ. ಅವನು ಡಾಕ್ಟರೇ ಆಗಿರಬೇಕು ಅಂತೇನಿರಲಿಲ್ಲ. ಊರಿನ ಗಂಡಸರನ್ನೇ ಜ್ಯೂರಿ ಅಂತ ಸೇರಿಸಿ, ಹೆಣ ತೋರಿಸಿ, ಗಾಯ ಎಲ್ಲಿದೆ, ಎಷ್ಟು ಆಳ ಅಂತೆಲ್ಲ ಬರೆಸುತ್ತಿದ್ದ. ಗುಂಪು ಸೇರಿ ಕೊಂದಿದ್ದರೆ ಮಾತ್ರ ಎಷ್ಟೋ ಸಲ 'ಅಪರಿಚಿತರ ಕೈಯಲ್ಲಿ ಸಾವು' ಅಂತ ಒಂದು ಸಾಲು ಗೀಚಿ ಮುಗಿಸಿಬಿಡುತ್ತಿದ್ದರು. ಎಂಥಾ ಅಪರಿಚಿತರು, ಅಲ್ವಾ?

1876ರ ಜುಲೈನಲ್ಲಿ ಅದೇ ಸೌತ್ ಕ್ಯಾರೊಲಿನಾದ ಹ್ಯಾಂಬರ್ಗ್ ಅನ್ನೋ ಊರಲ್ಲಿ ಹಾಗಾಗಲಿಲ್ಲ. ಬಿಳಿಯರ ಗುಂಪು ಆರು ಮಂದಿ ಕಪ್ಪು ಜನರನ್ನು ಕೊಂದಿತ್ತು, ಹೆಚ್ಚಿನವರನ್ನು ಸೆರೆ ಹಿಡಿದ ಮೇಲೆ. ಗುಲಾಮಗಿರಿಯಿಂದ ಬಂದ ಪ್ರಿನ್ಸ್ ರಿವರ್ಸ್ ಅಲ್ಲಿನ ನ್ಯಾಯಾಧೀಶರು. ಅವರು ಸುಮ್ನೆ ಕೂರಲಿಲ್ಲ, ವಿಚಾರಣೆ ನಡೆಸಿ ಹೆಸರು ಹಿಡಿದೇ ಆರೋಪಿಗಳ ಪಟ್ಟಿ ಬರೆಸಿದರು. ಯಾರಿಗೂ ಶಿಕ್ಷೆಯಾಗಲಿಲ್ಲ. ಪಟ್ಟಿಯಲ್ಲಿದ್ದ ಮ್ಯಾಥ್ಯೂ ಬಟ್ಲರ್ ಮರುವರ್ಷ ಅಮೆರಿಕದ ಸೆನೆಟ್‌ನಲ್ಲಿ ಹೋಗಿ ಕೂತ.