ಬಿದಿರಿನ ನಡುವೆ ಹಾರುವ ಹಕ್ಕಿ

ನಿನ್ನೆ ದುಬೈನಲ್ಲಿ ನಮ್ಮ ಚರ್ಚಿನ ವಾರ್ಷಿಕೋತ್ಸವ. ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಫಿಲಿಪ್ಪೀನ್ಸ್‌ನವರ ಟಿನಿಕ್ಲಿಂಗ್ ಕುಣಿತ ಇತ್ತು. ಇನ್ನೂ ಕಣ್ಣಲ್ಲೇ ಇದೆ.

ಇಬ್ಬರು ನೆಲದಲ್ಲಿ ಕೂತು ಎರಡು ಉದ್ದ ಬಿದಿರು ಹಿಡಿದಿರುತ್ತಾರೆ. ಎರಡು ಸಲ ನೆಲಕ್ಕೆ ಬಡಿದು, ಮೂರನೇ ಪೆಟ್ಟಿಗೆ ಎರಡನ್ನೂ ಪಟ್ ಅಂತ ಕೂಡಿಸುತ್ತಾರೆ. ಕುಣಿಯುವವರು ಬರಿಗಾಲಲ್ಲಿ ಆ ಸಂದಿಯೊಳಗೆ ಕಾಲಿಟ್ಟು, ಬಿದಿರು ಮುಚ್ಚುವಷ್ಟರಲ್ಲಿ ಹೊರಗೆ ಜಿಗಿಯಬೇಕು. ಬರಬರುತ್ತಾ ವೇಗ ಜಾಸ್ತಿ. ನಾನಂತೂ ಉಸಿರು ಬಿಗಿಹಿಡಿದೇ ನೋಡಿದೆ.

ಪಕ್ಕದಲ್ಲಿದ್ದ ಫಿಲಿಪ್ಪೀನ್ಸ್‌ನ ಅಕ್ಕ ಹೇಳಿದರು, ಇದು ಲೇಟೆ ದ್ವೀಪದ ಕುಣಿತವಂತೆ. ಟಿಕ್ಲಿಂಗ್ ಅನ್ನೋ ಹಕ್ಕಿ ಭತ್ತದ ಗದ್ದೆಯಲ್ಲಿ ರೈತರ ಬಿದಿರಿನ ಬಲೆಗಳನ್ನು ತಪ್ಪಿಸಿಕೊಂಡು ಓಡುವ ರೀತಿಯೇ ಈ ಹೆಜ್ಜೆ. ನನಗೆ ತಕ್ಷಣ ಮಂಗಳೂರಿನ ನಮ್ಮ ಗದ್ದೆಯ ಹುಂಡುಕೋಳಿ ನೆನಪಾಯಿತು. ಅದೂ ಅದೇ ಬಳಗದ ಹಕ್ಕಿ. ಬದುವಿನ ಮೇಲೆ ಬಾಲ ಕುಣಿಸುತ್ತಾ ಹೋಗಿ, ಹೆಜ್ಜೆ ಸಪ್ಪಳ ಕೇಳಿದರೆ ಪೊದೆಯೊಳಗೆ ಮಾಯ!

ಆಮೇಲೆ ದೀಪದ ಕುಣಿತ, ಪಂದಂಗ್ಗೋ ಸಾ ಇಲಾವ್. ತಲೆ ಮೇಲೊಂದು, ಎರಡೂ ಅಂಗೈಗಳ ಹಿಂಬದಿಯಲ್ಲಿ ಒಂದೊಂದು ದೀಪ. ಒಂದೂ ಅಲುಗಲಿಲ್ಲ.

ಕುಣಿದವರಲ್ಲಿ ಜಾಸ್ತಿ ಜನ ಮನೆಗೆಲಸದವರು, ನರ್ಸ್‌ಗಳು. ಡ್ಯೂಟಿ ಮುಗಿಸಿ ರಾತ್ರಿ ಅಭ್ಯಾಸ ಮಾಡಿದ್ದಾರೆ. ಊರು ಬಿಟ್ಟು ಇಷ್ಟು ದೂರ ಬಂದರೂ ಗದ್ದೆಯ ಹಕ್ಕಿಯನ್ನು ಕಾಲಲ್ಲೇ ಉಳಿಸಿಕೊಂಡಿದ್ದಾರೆ, ಅಲ್ವಾ? ಕೊನೆಗೆ ನಮ್ಮನ್ನೂ ಬಿದಿರಿನ ಹತ್ತಿರ ಕರೆದರು. ಮಗಳು ಚಪ್ಪಲಿ ಬಿಟ್ಟು ಓಡಿಯೇ ಬಿಟ್ಟಳು.