ಯಾವ ರಾತ್ರಿಯ ಕಛೇರಿ ಮೇಲು?

ನಾನು ಡೀಪ್ ಪರ್ಪಲ್ ಎಂಬ ಬ್ರಿಟಿಷ್ ರಾಕ್ ತಂಡದ ಹಳೆಯ ಅಭಿಮಾನಿಯೆಂದು ತಿಳಿದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಇದು: ಒಂದೇ ಹಾಡಿಗೆ ಇಷ್ಟೊಂದು ಲೈವ್ ಧ್ವನಿಮುದ್ರಣಗಳಿರುವಾಗ, ಇದು ಮೇಲು, ಅದು ಕಡಿಮೆ ಎಂದು ಯಾವ ಆಧಾರದ ಮೇಲೆ ಹೇಳುತ್ತೀರಿ?

ನುಡಿಸಾಣಿಕೆಯನ್ನೂ ಅದರ ಮುದ್ರಣವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂಬುದು ನನ್ನ ಮೊದಲ ಮಾತು. ‘ಮೇಡ್ ಇನ್ ಜಪಾನ್’ ಆಲ್ಬಮ್ಮನ್ನೇ ನೋಡಿ. 1972ರ ಆಗಸ್ಟ್ 15 ಮತ್ತು 16ರಂದು ಒಸಾಕಾದ ಫೆಸ್ಟಿವಲ್ ಹಾಲ್‌ನಲ್ಲಿ, 17ರಂದು ಟೋಕಿಯೋದ ಬುಡೋಕಾನ್‌ನಲ್ಲಿ ತಂಡ ನೀಡಿದ ಮೂರು ಕಛೇರಿಗಳನ್ನು ಧ್ವನಿಮುದ್ರಣ ಎಂಜಿನಿಯರ್ ಮಾರ್ಟಿನ್ ಬರ್ಚ್ ಎಂಟು ಟ್ರ್ಯಾಕ್‌ಗಳ ಯಂತ್ರದಲ್ಲಿ ಮುದ್ರಿಸಿಕೊಂಡರು. ಬುಡೋಕಾನ್‌ನ ಕಛೇರಿಯೇ ಶ್ರೇಷ್ಠವೆಂದು ತಂಡದವರಿಗೆ ಅನ್ನಿಸಿತ್ತಾದರೂ ಆ ದೊಡ್ಡ ಸಭಾಂಗಣದ ಮುದ್ರಣ ಒಸಾಕಾದಷ್ಟು ಸ್ಪಷ್ಟವಾಗಿ ಬಂದಿರಲಿಲ್ಲ. ಕೊನೆಗೆ ಆಲ್ಬಮ್‌ನ ಏಳು ಹಾಡುಗಳಲ್ಲಿ ನಾಲ್ಕು 16ರ ರಾತ್ರಿಯವಾದವು; ಟೋಕಿಯೋದಿಂದ ಬಂದವು ‘ದಿ ಮ್ಯೂಲ್’ ಮತ್ತು ‘ಲೇಜಿ’ ಎರಡೇ. 1993ರಲ್ಲಿ ಮೂರೂ ರಾತ್ರಿಗಳ ಮುದ್ರಣಗಳು ಮೂರು ಸಿ.ಡಿ.ಗಳಾಗಿ ಹೊರಬಂದ ಮೇಲೆ ಅವುಗಳನ್ನು ಪಕ್ಕಪಕ್ಕದಲ್ಲಿಟ್ಟು ಕೇಳುವುದು ಸಾಧ್ಯವಾಯಿತು, ನನ್ನ ಕಿವಿ ಪಳಗಿದ್ದೂ ಹಾಗೆಯೇ.

ನಾನು ಮುಖ್ಯವಾಗಿ ಗಮನಿಸುವುದು, ವಾದ್ಯಗಾರರು ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುತ್ತಿದ್ದಾರೆಯೇ ಎಂಬುದನ್ನು. ‘ಸ್ಟ್ರೇಂಜ್ ಕೈಂಡ್ ಆಫ್ ವುಮನ್’ ಹಾಡಿನ ನಡುವೆ ರಿಚಿ ಬ್ಲ್ಯಾಕ್‌ಮೋರ್ ಗಿಟಾರಿನಲ್ಲಿ ನುಡಿಸಿದ್ದನ್ನು ಇಯಾನ್ ಗಿಲನ್ ಕಂಠದಲ್ಲಿ ಹಿಂತಿರುಗಿಸುವ ಭಾಗವಿದೆ. ನಮ್ಮ ಸವಾಲ್-ಜವಾಬಿನ ರುಚಿ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉತ್ತರ ಮೊದಲೇ ಬಾಯಿಪಾಠವಾಗಿದ್ದರೆ ಅದು ಎರಡೇ ಸಾಲಿನಲ್ಲಿ ಗೊತ್ತಾಗಿಬಿಡುತ್ತದೆ. ಇಲ್ಲಿ ಒಂದು ಸ್ವರ ತಪ್ಪಿದರೆ ನಾನು ಅಂಕ ಕಳೆಯುವುದಿಲ್ಲ. ಆ ಪ್ರವಾಸದ ತಮ್ಮ ಹಾಡುಗಾರಿಕೆ ಸ್ವತಃ ಗಿಲನ್ ಅವರಿಗೇ ತೃಪ್ತಿ ತಂದಿರಲಿಲ್ಲ, ಆದರೆ ‘ಚೈಲ್ಡ್ ಇನ್ ಟೈಮ್’ನಲ್ಲಿ ಅವರ ದನಿ ಮೇಲೇರುವಾಗ ಕೇಳುವ ಆ ಪ್ರಯಾಸವನ್ನು ನಾನಂತೂ ಬಿಟ್ಟುಕೊಡಲಾರೆ.

ಸ್ಟುಡಿಯೋದಲ್ಲಿ ತಿದ್ದಿದ ಲೈವ್ ಆಲ್ಬಮ್‌ಗಳ ಮಾತೇ ಬೇರೆ. ಥಿನ್ ಲಿಜ್ಜಿ ತಂಡದ 1978ರ ‘ಲೈವ್ ಅಂಡ್ ಡೇಂಜರಸ್’ನಲ್ಲಿ ಎಷ್ಟು ಭಾಗ ಆಮೇಲೆ ಸೇರಿಸಿದ್ದೆಂಬ ಬಗ್ಗೆ ನಿರ್ಮಾಪಕರಿಗೂ ತಂಡದವರಿಗೂ ಒಮ್ಮತ ಮೂಡಲೇ ಇಲ್ಲ. ಅದು ಸೊಗಸಾದ ಆಲ್ಬಮ್ ನಿಜ, ಆದರೆ ಒಂದು ರಾತ್ರಿಯ ಸಾಕ್ಷಿಯೆಂದು ಅದನ್ನು ಕರೆಯಲು ನನಗೆ ಮನಸ್ಸಾಗುವುದಿಲ್ಲ. ‘ಮೇಡ್ ಇನ್ ಜಪಾನ್’ಗೆ ಅಂಥ ತೇಪೆ ಹಾಕಿಲ್ಲ.

ಹಾಡು ಉದ್ದವಾದಷ್ಟೂ ಕಛೇರಿ ದೊಡ್ಡದೆಂದು ನಂಬುವ ಗೆಳೆಯರೂ ನನಗಿದ್ದಾರೆ. ಸ್ಟುಡಿಯೋದಲ್ಲಿ ನಾಲ್ಕೂವರೆ ನಿಮಿಷವಿದ್ದ ‘ಸ್ಪೇಸ್ ಟ್ರಕಿನ್’ ಒಸಾಕಾದಲ್ಲಿ ಸುಮಾರು ಇಪ್ಪತ್ತು ನಿಮಿಷಕ್ಕೆ ಬೆಳೆದು ಎಲ್‌.ಪಿ.ಯ ಒಂದು ಇಡೀ ಬದಿಯನ್ನೇ ಆಕ್ರಮಿಸಿತು. ಅದರಲ್ಲಿ ಜಾನ್ ಲಾರ್ಡ್ ಅವರ ಹ್ಯಾಮಂಡ್ ಆರ್ಗನ್ ಗುಡುಗುವ ಭಾಗಕ್ಕಾಗಿ ನಾನು ಎಷ್ಟು ಹೊತ್ತಾದರೂ ಕಾಯುತ್ತೇನೆ. ಉಳಿದುದರಲ್ಲಿ ಐದಾರು ನಿಮಿಷವನ್ನು, ಗೆಳೆಯರ ಮುಖ ನೋಡದೆ, ಈಗಲೂ ದಾಟಿಸಿಬಿಡುತ್ತೇನೆ.